ಮಕ್ಕಳ ಪಾಲಕರನ್ನು ರೂಪಿಸಿದ ಸಂತ ಡಾನ್ ಬೋಸ್ಕೊ

ಸಂತ ಡಾನ್ ಬೋಸ್ಕೊ ಎಂದೊಡನೆ ಬೀದಿಯ ಹುಡುಗರ ನಡುವೆ ನಗುತ್ತಾ ನಿಂತ ಗುರುವಿನ ಚಿತ್ರ ನಮ್ಮ ಕಣ್ಣಮುಂದೆ ಬರುತ್ತದೆ. ಆದರೆ ಆ ಹುಡುಗರನ್ನು ಹಗಲಿರುಳು ನೋಡಿಕೊಳ್ಳಲು ಬೇಕಾದ ಪಾಲಕರನ್ನು ಅವರು ಹೇಗೆ ತಯಾರು ಮಾಡಿದರೆಂಬುದು ಅನೇಕರಿಗೆ ತಿಳಿಯದು.

ಜಾನ್ ಬೋಸ್ಕೊ 1815ರ ಆಗಸ್ಟ್ 16ರಂದು ಇಟಲಿಯ ಬೆಕ್ಕಿ ಎಂಬ ಹಳ್ಳಿಯಲ್ಲಿ ಜನಿಸಿದರು. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರೀತಾ ಬಡತನದಲ್ಲೇ ಮಕ್ಕಳನ್ನು ಸಾಕಿದರು. 1841ರಲ್ಲಿ ಟ್ಯೂರಿನ್ ನಗರದಲ್ಲಿ ಗುರುದೀಕ್ಷೆ ಪಡೆದ ಬೋಸ್ಕೊ, ಅಲ್ಲಿನ ಸೆರೆಮನೆಗಳಲ್ಲಿ ಹರೆಯದ ಹುಡುಗರನ್ನು ಕಂಡು ಮರುಗಿದರು. ಬಿಡುಗಡೆಯಾದರೂ ಆಸರೆಯಿಲ್ಲದೆ ಹಲವರು ಮತ್ತೆ ಅಲ್ಲಿಗೇ ಮರಳುತ್ತಿದ್ದರು.

ಅವರಿಗೆ ಆಸರೆ ನೀಡುವ ಮೊದಲ ಯತ್ನ ಫಲಿಸಲಿಲ್ಲ. ಹುಲ್ಲಿನ ಅಟ್ಟದಲ್ಲಿ ಮಲಗಲು ಜಾಗ ಪಡೆದ ಕೆಲವರು ಬೆಳಗಾಗುವಷ್ಟರಲ್ಲಿ ಹೊದಿಕೆಗಳನ್ನೇ ಹೊತ್ತುಕೊಂಡು ಹೋಗಿದ್ದರು. ಆದರೂ ಬೋಸ್ಕೊ ಬಾಗಿಲು ಮುಚ್ಚಲಿಲ್ಲ. 1847ರ ಮೇ ತಿಂಗಳಲ್ಲಿ ಮಳೆಯಲ್ಲಿ ನೆನೆದು ಬಂದ ಅನಾಥ ಹುಡುಗನೊಬ್ಬನಿಗೆ ತಾಯಿ ಮಾರ್ಗರೀತಾ ಅಡುಗೆಮನೆಯಲ್ಲೇ ಹಾಸಿಗೆ ಹಾಸಿಕೊಟ್ಟರು. ವಾಲ್ದೊಕ್ಕೊದ ಮಕ್ಕಳ ಮನೆ ಹೀಗೆ ಆರಂಭವಾಯಿತು.

ಮಕ್ಕಳ ಸಂಖ್ಯೆ ಬೆಳೆದಂತೆ ಸಹಾಯಕರು ಬೇಕಾದರು. ಬೋಸ್ಕೊ ಅವರನ್ನು ತಮ್ಮ ಬಳಿ ಬೆಳೆದ ಹುಡುಗರಲ್ಲೇ ಆರಿಸಿಕೊಂಡರು. ಆ ತರುಣರು ಓದುತ್ತಲೇ ಚಿಕ್ಕವರನ್ನು ನೋಡಿಕೊಂಡರು. ಗುರುವಿನ ನಡೆನುಡಿಯನ್ನು ಕಂಡು ಕೆಲಸ ಕಲಿತರು. ಅಂಥವರೊಡನೆಯೇ 1859ರ ಡಿಸೆಂಬರ್ 18ರಂದು ಸಲೇಷಿಯನ್ ಸಭೆ ಹುಟ್ಟಿತು.

1863ರಲ್ಲಿ ಮಿರಬೆಲ್ಲೊ ಎಂಬಲ್ಲಿ ಹೊಸ ಮನೆ ತೆರೆದಾಗ, ಅದರ ಹೊಣೆ ಹೊತ್ತ ಮೈಕೆಲ್ ರುವಾ ಅವರಿಗೆ 26 ವರ್ಷ. ಬೋಸ್ಕೊ ಅವರಿಗೆ ಸಲಹೆಗಳನ್ನು ಬರೆದುಕೊಟ್ಟರು. ಮಕ್ಕಳು ಹೆದರುವುದಕ್ಕಿಂತ ಪ್ರೀತಿಸುವಂತೆ ಬಾಳಬೇಕೆಂದರು. ಶಿಕ್ಷಕರ ವಿಷಯವನ್ನೂ ಮರೆಯಲಿಲ್ಲ: ಅವರಿಗೆ ಊಟ ಬಟ್ಟೆಗೆ ಕೊರತೆಯಾಗಬಾರದು, ಅವರ ದುಡಿಮೆಯನ್ನು ಗಮನಿಸಬೇಕು, ಕಾಯಿಲೆ ಬಿದ್ದರೆ ಕೂಡಲೇ ಬದಲಿ ವ್ಯಕ್ತಿಯನ್ನು ಕಳುಹಿಸಬೇಕು. ದಣಿದು ಬೇಸತ್ತ ಪಾಲಕನಿಂದ ಮಕ್ಕಳಿಗೆ ತಾಳ್ಮೆ ದೊರೆಯುವುದಾದರೂ ಹೇಗೆ?

ತಮ್ಮ ಪದ್ಧತಿಯನ್ನು ಅವರು 1877ರಲ್ಲಿ ಬರಹಕ್ಕಿಳಿಸಿದರು. ವಿವೇಕ, ಧರ್ಮ, ವಾತ್ಸಲ್ಯ ಇವೇ ಅದರ ಮೂರು ಕಂಬಗಳು. ಹೊಡೆಯುವುದು, ಕಿವಿ ಹಿಂಡುವುದು, ನೋವಾಗುವಂತೆ ಮಂಡಿಯೂರಿಸುವುದು ಪೂರ್ಣ ನಿಷಿದ್ಧ. ಮನೆಯ ನಿಯಮಗಳು ಮಕ್ಕಳಿಗೆ ಮೊದಲೇ ತಿಳಿದಿರಬೇಕು. ತಪ್ಪು ಮಾಡಿದ ಮೇಲೆ ದಂಡಿಸುವುದಕ್ಕಿಂತ, ತಪ್ಪಿಗೆ ಆಸ್ಪದವಿರದಂತೆ ಪಾಲಕನು ಸದಾ ಮಕ್ಕಳ ಜೊತೆಯಲ್ಲಿರಬೇಕು.

ಆದರೆ ನಿಯಮ ಬರೆದ ಮಾತ್ರಕ್ಕೆ ಮನೆ ನಡೆಯುವುದಿಲ್ಲ. 1884ರ ಮೇ 10ರಂದು ರೋಮಿನಿಂದ ಬರೆದ ಪತ್ರದಲ್ಲಿ ಬೋಸ್ಕೊ ತಮ್ಮ ನೋವನ್ನು ತೋಡಿಕೊಂಡರು. ಹಿಂದೆ ಹಿರಿಯರು ಆಟದ ಅಂಗಳದಲ್ಲಿ ಹುಡುಗರೊಡನೆ ಬೆರೆಯುತ್ತಿದ್ದರು. ಈಗ ತಮ್ಮತಮ್ಮಲ್ಲೇ ಮಾತಾಡುತ್ತಾ ದೂರ ನಿಂತಿದ್ದರು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಮಕ್ಕಳ ಅನುಭವಕ್ಕೆ ಬರಬೇಕು ಎಂಬುದೇ ಆ ಪತ್ರದ ತಿರುಳು.

1888ರ ಜನವರಿ 31ರಂದು ಅವರು ದೇವರಡಿ ಸೇರಿದರು. 1934ರಲ್ಲಿ ಹನ್ನೊಂದನೆಯ ಪಯಸ್ ಜಗದ್ಗುರುಗಳು ಅವರನ್ನು ಸಂತರೆಂದು ಘೋಷಿಸಿದರು. ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಮಕ್ಕಳನ್ನು ಹೊಡೆಯುವುದು ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರವೂ ಅಪರಾಧ.

ಪ್ರಿಯರೇ, ಅನಾಥಾಲಯಕ್ಕೆ ಅಕ್ಕಿ, ಬಟ್ಟೆ ಕೊಡುವುದು ಪುಣ್ಯದ ಕೆಲಸವೇ. ಜೊತೆಗೆ ಇದನ್ನೂ ವಿಚಾರಿಸೋಣ: ರಾತ್ರಿ ಮಗು ಅತ್ತರೆ ಎದ್ದು ಬರುವವರು ಯಾರು? ಅವರಿಗೆ ತರಬೇತಿ ಸಿಕ್ಕಿದೆಯೇ? ನ್ಯಾಯವಾದ ಸಂಬಳ, ವಿಶ್ರಾಂತಿ ಇದೆಯೇ? ಒಳ್ಳೆಯ ಮನಸ್ಸಿಗೆ ಒಳ್ಳೆಯ ತರಬೇತಿ ಸೇರಿದಾಗಲೇ ತಬ್ಬಲಿ ಮಗುವಿಗೆ ಮನೆ ದೊರೆಯುತ್ತದೆ.