ಡಾ. ಕೋಟ್ನೀಸರ ಸಂಸಾರ ಮತ್ತು ಪೌರತ್ವ

ದ್ವಾರಕಾನಾಥ ಶಾಂತಾರಾಮ ಕೋಟ್ನೀಸರು 1910ರ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ ಜನಿಸಿದರು. ನವಿ ಪೇಠದ ಅಂಗಡಿಸಾಲಿನಲ್ಲಿ ಮರಾಠಿ, ಕನ್ನಡ, ತೆಲುಗು ಮೂರೂ ಒಂದೇ ಚೌಕಾಸಿಯಲ್ಲಿ ಬೆರೆಯುವ ಊರು ಅದು. ಇಂಥಲ್ಲಿ ಬೆಳೆದವನಿಗೆ ಪರಭಾಷೆಯ ಅಂಜಿಕೆ ಅಷ್ಟಾಗಿ ಇರುವುದಿಲ್ಲ. ಕೋಟ್ನೀಸರು ಮುಂಬಯಿಯ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯರಾದರು.

1937ರಲ್ಲಿ ಜಪಾನು ಚೀನಾದ ಮೇಲೆ ದಂಡೆತ್ತಿತು. ಚೀನೀ ಸೇನಾನಿ ಝೂ ದ ಅವರ ಕೋರಿಕೆಯಂತೆ ಕಾಂಗ್ರೆಸ್ಸು ಐವರು ವೈದ್ಯರ ಪಥಕವೊಂದನ್ನು ಕಳುಹಿಸಲು ನಿರ್ಧರಿಸಿತು. ಅಟಲ್, ಚೋಳಕರ್, ಬಸು, ಮುಖರ್ಜಿ ಇವರೊಡನೆ ಕೋಟ್ನೀಸರೂ 1938ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದರು. ಯೇನಾನ್ ತಲುಪುವ ಮೊದಲೇ ತಂದೆ ತೀರಿಕೊಂಡ ಸುದ್ದಿ ಬಂದಿತು. ಅವರು ಹಿಂದಿರುಗಲಿಲ್ಲ. ಮುಂದೆ ಸಂಗಾತಿಗಳು ಒಬ್ಬೊಬ್ಬರಾಗಿ ಸ್ವದೇಶಕ್ಕೆ ಮರಳಿದಾಗಲೂ ಇವರು ಮರಳಲಿಲ್ಲ.

ಚೀನಾದಲ್ಲಿ ಅವರ ಹೆಸರು ಕೆ ದಿಹುವಾ ಎಂದಾಯಿತು. ಚೀನೀ ಭಾಷೆಯನ್ನು ಕಲಿತು ಆ ಭಾಷೆಯಲ್ಲಿಯೇ ಪಾಠ ಹೇಳಿದರು. ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕದ ರಚನೆಗೂ ತೊಡಗಿದರು. ಯುದ್ಧಭೂಮಿಯ ಹಿಂದೆ ನಿದ್ರೆಯಿಲ್ಲದೆ ದಿನಗಟ್ಟಲೆ ಗಾಯಾಳುಗಳಿಗೆ ಚಿಕಿತ್ಸೆ ನೀಡಿದ ಅವರನ್ನು 1941ರ ಜನವರಿಯಲ್ಲಿ, ಕೆನಡಾದ ವೈದ್ಯ ನಾರ್ಮನ್ ಬೆಥ್ಯೂನರ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರನ್ನಾಗಿ ನೇಮಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ, ದಾದಿಯರ ಶಿಕ್ಷಕಿಯಾಗಿದ್ದ ಗುವೋ ಚಿಂಗ್‌ಲಾನ್ ಅವರನ್ನು ವರಿಸಿದರು. 1942ರ ಆಗಸ್ಟಿನಲ್ಲಿ ಗಂಡುಮಗು ಹುಟ್ಟಿತು. ಹೆಸರು ಯಿನ್‌ಹುವಾ: ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಹೆಸರಿನಲ್ಲಿ ಎರಡು ದೇಶಗಳನ್ನು ಕೂಡಿಸುವುದು ಸುಲಭ. ಕಾನೂನಿನಲ್ಲಿ ಅಷ್ಟು ಸುಲಭವಲ್ಲ. ಆಗ ಭಾರತೀಯ ಪೌರತ್ವವೆಂಬುದೇ ಇರಲಿಲ್ಲ. ಆಂಗ್ಲರ ನೇರ ಆಳಿಕೆಯ ಸೊಲ್ಲಾಪುರದಲ್ಲಿ ಹುಟ್ಟಿದ ಕೋಟ್ನೀಸರು ಕಾನೂನಿನ ಕಣ್ಣಿಗೆ ಬ್ರಿಟಿಷ್ ಪ್ರಜೆ. 1914ರ ಕಾಯಿದೆಯಂತೆ ಬ್ರಿಟಿಷ್ ಪ್ರಜೆಯ ಕೈಹಿಡಿದ ಹೆಣ್ಣು, ಅರ್ಜಿಯ ಹಂಗಿಲ್ಲದೆ, ತಾನೂ ಬ್ರಿಟಿಷ್ ಪ್ರಜೆ ಎನಿಸುತ್ತಿದ್ದಳು. ಸುಮಾರು ನಲವತ್ತು ಕಿಲೋಮೀಟರಿನಾಚೆಯ ಅಕ್ಕಲಕೋಟೆಯಾದರೋ ಭೋಸಲೆ ಅರಸರ ಸಂಸ್ಥಾನ. ಕೋಟ್ನೀಸರು ಅಲ್ಲಿ ಹುಟ್ಟಿದ್ದರೆ ಬ್ರಿಟಿಷರ ರಕ್ಷಣೆಗೊಳಪಟ್ಟವರು ಮಾತ್ರವಾಗುತ್ತಿದ್ದರು. ಪತ್ನಿಗೆ ಆ ಸ್ಥಾನ ತಾನಾಗಿ ಒದಗುತ್ತಿರಲಿಲ್ಲ. ವ್ಯಂಗ್ಯವೆಂದರೆ, ಯಾವ ಸಾಮ್ರಾಜ್ಯದಿಂದ ಬಿಡುಗಡೆ ಬಯಸಿ ಕಾಂಗ್ರೆಸ್ಸು ಹೋರಾಡುತ್ತಿತ್ತೋ ಆ ಸಾಮ್ರಾಜ್ಯದ ಪ್ರಜೆಯ ಪಟ್ಟವನ್ನೇ ಈ ಮದುವೆ ಹೊತ್ತು ತಂದಿತ್ತು. ಆದರೆ ಶತ್ರುಸೇನೆ ಸುತ್ತುವರಿದ ಗುಡ್ಡಗಾಡಿನಲ್ಲಿ ಮದುವೆ ದಾಖಲಿಸಲು ಬ್ರಿಟಿಷ್ ಕಚೇರಿ ಎಲ್ಲಿಂದ ಬರಬೇಕು?

ಮಗುವಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. 1942ರ ಡಿಸೆಂಬರ್ 9ರಂದು ಅಪಸ್ಮಾರದ ಆಘಾತಕ್ಕೆ ಕೋಟ್ನೀಸರು ಬಲಿಯಾದರು. ಆಗ ಅವರ ವಯಸ್ಸು ಮೂವತ್ತೆರಡು.

ಸ್ವತಂತ್ರ ಭಾರತವು 1955ರಲ್ಲಿ ಪೌರತ್ವ ಕಾಯಿದೆಯನ್ನು ಮಾಡಿತು. ಭಾರತೀಯ ಪೌರನನ್ನು ಮದುವೆಯಾಗಿರುವ ಅಥವಾ ಹಿಂದೆ ಮದುವೆಯಾಗಿದ್ದ ಸ್ತ್ರೀಯರು ನೋಂದಣಿಯ ಮೂಲಕ ಪೌರರಾಗಲು ಅದರಲ್ಲಿ ಅವಕಾಶವಿತ್ತು. ವಿಧವೆಯರನ್ನೂ ನೆನೆದ ಉದಾರ ವಿಧಿ ಅದು. ಆದರೆ ಅದರ ಅಕ್ಷರಕ್ಕೆ ಚಿಂಗ್‌ಲಾನ್ ಒಳಪಡುವಂತಿರಲಿಲ್ಲ. ಭಾರತದ ಪೌರರು ಎಂಬವರು ಹುಟ್ಟಿಕೊಳ್ಳುವ ಮೊದಲೇ ಅವರ ಪತಿ ಗತಿಸಿದ್ದರು. ಇಂದಿನ ನಿಯಮದಲ್ಲಿ ಪತಿ ಪತ್ನಿ ಎಂಬ ಭೇದವಿಲ್ಲ. ಆದರೆ ವಿದೇಶೀ ಸಂಗಾತಿ ಏಳು ವರ್ಷ ಭಾರತದಲ್ಲಿಯೇ ವಾಸಿಸಿರಬೇಕು. ಹೊರನಾಡಿನಲ್ಲಿ ಕುಳಿತು ಕೇವಲ ಮದುವೆಯ ಬಲದಿಂದ ಅದನ್ನು ಪಡೆಯಲಾಗದು.

1946ರಲ್ಲಿ ವಿ. ಶಾಂತಾರಾಮರು ಕೋಟ್ನೀಸರ ಬದುಕನ್ನು ಹಿಂದಿ ಚಿತ್ರವಾಗಿಸಿ ಆ ಪಾತ್ರವನ್ನು ತಾವೇ ವಹಿಸಿದರು. ಜಯಶ್ರೀ ಚಿಂಗ್‌ಲಾನ್ ಆದರು. ಚಿತ್ರದ ಕೊನೆಗೆ ಸಾವಿನಂಚಿನ ನಾಯಕನು, ಹೆಂಡತಿ ಮಗುವಿನೊಡನೆ ಭಾರತದ ಮನೆಗೆ ಹೋದರೆ ಅಲ್ಲಿ ದೊರೆಯಬಹುದಾದ ಸ್ವಾಗತವನ್ನು ಅವಳಿಗೆ ಬಣ್ಣಿಸುತ್ತಾನೆ. ಅಸಲು ಚಿಂಗ್‌ಲಾನ್ ಭಾರತಕ್ಕೆ ಬಂದದ್ದುಂಟು, ಒಂದಲ್ಲ ಹಲವು ಸಲ. ಪ್ರತಿಸಲವೂ ಚೀನಾದಿಂದ ಬಂದ ಗೌರವಾನ್ವಿತ ಅತಿಥಿಯಾಗಿ. ಮಗ ಯಿನ್‌ಹುವಾ ವೈದ್ಯಕೀಯ ಓದುತ್ತಿರುವಾಗಲೇ 1967ರಲ್ಲಿ ತೀರಿಕೊಂಡನು. ತಾಯಿ ಇನ್ನೂ ನಲವತ್ತೈದು ವರ್ಷ ಬದುಕಿ, 2012ರ ಜೂನಿನಲ್ಲಿ ದಾಲಿಯಾನ್ ನಗರದಲ್ಲಿ ಕಣ್ಣುಮುಚ್ಚಿದರು. ಕೋಟ್ನೀಸರ ಸೊಲ್ಲಾಪುರದ ಮನೆ ಸ್ಮಾರಕವಾಗಿ ತೆರೆದುಕೊಂಡದ್ದೂ ಅದೇ ವರ್ಷ.