ಮರಳುದಿಬ್ಬದ ತೋಟಗಾರ ಮಕೊಟೊ ಹಾಗಿವಾರ

ಮಕ್ಕಳೇ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಗೋಲ್ಡನ್ ಗೇಟ್ ಎಂಬ ದೊಡ್ಡ ಉದ್ಯಾನವಿದೆ. 1870ರ ಸುಮಾರಿಗೆ ಅಲ್ಲಿ ಬಹುಪಾಲು ಇದ್ದುದು ಗಾಳಿಗೆ ಸರಿದಾಡುವ ಮರಳುದಿಬ್ಬಗಳು. ಅಲ್ಲಿ ಬಾರ್ಲಿ ಮತ್ತು ಲೂಪಿನ್ ಬೀಜ ಬಿತ್ತಿದರು. ಬಾರ್ಲಿ ಬೇಗ ಮೊಳೆತು ಮರಳನ್ನು ಹಿಡಿದುಕೊಂಡಿತು. ಅದರ ಆಸರೆಯಲ್ಲಿ ಲೂಪಿನ್ ಬೆಳೆಯಿತು. ಇದು ಅವರೆ, ಹುರುಳಿಗಳ ಬಳಗದ ಸಸ್ಯ. ಇದರ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹೀರಿ ಗಿಡಕ್ಕೆ ಒದಗಿಸುತ್ತವೆ. ಹೀಗೆ ಮರಗಳಿಗೆ ನೆಲ ಸಿದ್ಧವಾಯಿತು.

1894ರಲ್ಲಿ ಇಲ್ಲಿ ನಡೆದ ವಸ್ತುಪ್ರದರ್ಶನಕ್ಕಾಗಿ ಸುಮಾರು 1 ಎಕರೆಯಲ್ಲಿ ಜಪಾನಿ ಹಳ್ಳಿಯೊಂದನ್ನು ಕಟ್ಟಿದರು. ಪ್ರದರ್ಶನ ಮುಗಿದ ಮೇಲೆ ಅದನ್ನು ತೋಟವಾಗಿ ಬೆಳೆಸಿದವರು ಜಪಾನಿನಿಂದ ಬಂದಿದ್ದ ಮಕೊಟೊ ಹಾಗಿವಾರ. ಅವರು ತಾಯ್ನಾಡಿನಿಂದ ಗಿಡ, ಹಕ್ಕಿ, ಬಣ್ಣದ ಮೀನುಗಳನ್ನು ತರಿಸಿದರು. ಕುಟುಂಬದೊಡನೆ ಅಲ್ಲೇ ವಾಸಿಸಿದರು. ತೋಟ ಸುಮಾರು 5 ಎಕರೆಗೆ ಹರಡಿತು.

1925ರಲ್ಲಿ ಅವರು ತೀರಿಕೊಂಡ ಮೇಲೆ ಮನೆಯವರು ತೋಟವನ್ನು ನೋಡಿಕೊಂಡರು. ಆದರೆ ಅಮೆರಿಕ ಮತ್ತು ಜಪಾನ್ ನಡುವೆ ಯುದ್ಧ ನಡೆಯುತ್ತಿದ್ದ 1942ರಲ್ಲಿ, ಸರ್ಕಾರ ಅಲ್ಲಿನ ಜಪಾನಿ ಮೂಲದವರನ್ನು ಶಿಬಿರಗಳಿಗೆ ಕಳುಹಿಸಿತು. ಹಾಗಿವಾರ ಕುಟುಂಬವೂ ಮನೆ ಬಿಡಬೇಕಾಯಿತು. ತೋಟದ ಹೆಸರಿನಿಂದ ಜಪಾನ್ ಎಂಬ ಪದವನ್ನೇ ತೆಗೆದರು. ಯುದ್ಧ ಮುಗಿದ ಮೇಲೂ ಕುಟುಂಬಕ್ಕೆ ಆ ಮನೆ ಮರಳಿ ಸಿಗಲಿಲ್ಲ.

1952ರಲ್ಲಿ ತೋಟಕ್ಕೆ ಹಳೆಯ ಹೆಸರು ಮರಳಿತು. ಅದರ ಮುಂದಿನ ರಸ್ತೆಗೆ ಇಂದು ಹಾಗಿವಾರ ಅವರ ಹೆಸರಿದೆ.