ವ್ಯಕ್ತಿ ಪರಿಚಯ: ಒಂಬತ್ತನೇ ನಂಬರಿನ ಮೋರಿಸ್ ರಿಷಾರ್



ಈ ಪುಟದ ವ್ಯಕ್ತಿ ಪರಿಚಯದಲ್ಲಿ ಸಾಮಾನ್ಯವಾಗಿ ಕವಿಗಳು, ಏಕೀಕರಣದ ಹಿರಿಯರು, ಶಾಲೆ ಕಟ್ಟಿದ ಮೇಷ್ಟ್ರುಗಳು ಬರುತ್ತಾರೆ. ಈ ಸಲ ದೂರದ ಕೆನಡಾ ದೇಶದ ಒಬ್ಬ ಆಟಗಾರರ ವಿಷಯ ಬರೆಯುತ್ತಿದ್ದೇವೆ. ಐಸ್ ಹಾಕಿಗೂ ನಮಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಆಟಕ್ಕೆ ಸಂಬಂಧವಿಲ್ಲ ನಿಜ. ಆದರೆ ಒಂದು ಭಾಷೆಯ ಜನ ತಮ್ಮ ನೋವನ್ನೆಲ್ಲ ಒಬ್ಬ ಮನುಷ್ಯನ ಹೆಗಲಿಗೆ ಹಾಕಿದಾಗ ಏನಾಗುತ್ತದೆ, ಆ ಮನುಷ್ಯ ಅದನ್ನು ಹೇಗೆ ಹೊತ್ತ ಎಂಬುದು ಗಡಿಭಾಗದಲ್ಲಿರುವ ನಾವೆಲ್ಲ ತಿಳಿಯಬೇಕಾದ ವಿಷಯ. ದಯವಿಟ್ಟು ಕೊನೆಯವರೆಗೆ ಓದಿ.

ಮೋರಿಸ್ ರಿಷಾರ್ ಹುಟ್ಟಿದ್ದು 1921ರ ಆಗಸ್ಟ್ 4ರಂದು, ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್ ನಗರದಲ್ಲಿ. ಎಂಟು ಮಕ್ಕಳಲ್ಲಿ ಹಿರಿಯವರು. ತಂದೆ ರೈಲ್ವೆಯಲ್ಲಿ ಬಡಗಿ. 1930ರಲ್ಲಿ ಜಗತ್ತಿಗೆಲ್ಲ ಆರ್ಥಿಕ ಕುಸಿತ ಬಂದಾಗ ತಂದೆಯ ಕೆಲಸ ಹೋಯಿತು. ಕೆಲವು ವರ್ಷ ಸರ್ಕಾರದ ನೆರವಿನಲ್ಲೇ ಸಂಸಾರ ನಡೆಯಿತು. ಮನೆ ಹತ್ತಿರದ ನದಿ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿತ್ತು. ಹುಡುಗ ಅದರ ಮೇಲೆಯೇ ಆಟ ಕಲಿತ. ಹದಿನಾರನೇ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ಜೊತೆ ಕಾರ್ಖಾನೆ ಕೆಲಸಕ್ಕೆ ಸೇರಿದ. ಆಟದ ಹುಚ್ಚು ಎಷ್ಟಿತ್ತೆಂದರೆ, ಒಂದೇ ಕಾಲಕ್ಕೆ ಹಲವು ತಂಡಗಳಿಗೆ ಆಡಲು ಬೇರೆ ಹೆಸರನ್ನೂ ಇಟ್ಟುಕೊಳ್ಳುತ್ತಿದ್ದ.

ಆ ಕಾಲದ ಮಾಂಟ್ರಿಯಲ್ ಹೇಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಊರಿನ ಬಹುಪಾಲು ಜನ ಫ್ರೆಂಚ್ ಮಾತನಾಡುವವರು. ಆದರೆ ದೊಡ್ಡ ಕಂಪನಿಗಳು, ಬ್ಯಾಂಕುಗಳು, ದೊಡ್ಡ ಅಂಗಡಿಗಳು ಇಂಗ್ಲಿಷರ ಕೈಯಲ್ಲಿ. ಮೇಲಿನ ಹುದ್ದೆಗೆ ಇಂಗ್ಲಿಷ್ ಬೇಕು, ಕೆಳಗಿನ ದುಡಿಮೆಗೆ ಫ್ರೆಂಚರು ಸಾಕು ಎಂಬಂತಿತ್ತು. ನಾವು ನಮ್ಮ ತಾಲ್ಲೂಕುಗಳಲ್ಲಿ ಅಲ್ಪಸಂಖ್ಯಾತರು. ಅವರು ತಮ್ಮ ಊರಿನಲ್ಲಿ ಬಹುಸಂಖ್ಯಾತರಾಗಿದ್ದೂ ಆ ಸ್ಥಿತಿ ಅನುಭವಿಸಿದರು.

ಆಟದ ಬಗ್ಗೆಯೂ ಎರಡು ಮಾತು. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಸೇರಿ ಒಂದು ತಂಡದ ಆರು ಮಂದಿ ಒಮ್ಮೆಗೆ ಅಂಕಣದಲ್ಲಿರುತ್ತಾರೆ. ಕಾಲಿಗೆ ಉಕ್ಕಿನ ಅಲಗಿನ ಬೂಟು. ಚೆಂಡಿನ ಬದಲು ಪಕ್ ಎಂಬ ಮೂರು ಇಂಚು ಅಗಲದ ಗಟ್ಟಿ ರಬ್ಬರ್ ಬಿಲ್ಲೆ. ಮುಂದಿನ ಸಾಲಿನಲ್ಲಿ ಮೂವರು, ನಡುವಿನವರು ಸೆಂಟರ್, ಅಕ್ಕಪಕ್ಕದವರು ವಿಂಗರ್‌ಗಳು. ರಿಷಾರ್ ಬಲಗಡೆಯ ವಿಂಗರ್. ಆದರೆ ಅವರು ಎಡಗೈ ಹೊಡೆತದವರು. ಬಲಗಡೆಯಿಂದ ನುಗ್ಗುವಾಗ ಅವರ ಕೋಲು ಅಂಕಣದ ಒಳಬದಿಗೆ ಇರುತ್ತಿದ್ದರಿಂದ ಗೋಲು ಅವರಿಗೆ ಅಗಲವಾಗಿ ತೆರೆದುಕೊಳ್ಳುತ್ತಿತ್ತು. ಎದುರಾಳಿ ಬೆನ್ನ ಮೇಲೆ ಬಿದ್ದಿದ್ದರೂ ಅವನನ್ನು ಎಳೆದುಕೊಂಡೇ ಹೋಗಿ ಗೋಲು ಹೊಡೆಯುತ್ತಿದ್ದರು. ಅದಕ್ಕೇ ರಾಕೆಟ್ ಎಂಬ ಹೆಸರು ಬಂತು.

ಶುರುವಿನಲ್ಲಿ ಮಾತ್ರ ಅವರದು ಬರೀ ಮೂಳೆ ಮುರಿತದ ಕಥೆ. 1940ರಲ್ಲಿ ಪಾದದ ಗಂಟು, ಮುಂದಿನ ವರ್ಷ ಮಣಿಕಟ್ಟು. 1942ರಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡಕ್ಕೆ ಸೇರಿದರು. ಹದಿನಾರು ಪಂದ್ಯ ಆಡುವಷ್ಟರಲ್ಲಿ ಕಾಲು ಮುರಿಯಿತು. ಯುದ್ಧದ ಸಮಯದಲ್ಲಿ ಸೈನ್ಯಕ್ಕೆ ಸೇರಲು ಹೋದರೆ ಮೂಳೆ ಸರಿಯಿಲ್ಲ ಎಂದು ವಾಪಸ್ ಕಳಿಸಿದರು. ಈ ಹುಡುಗನ ಮೈ ಈ ಆಟಕ್ಕೆ ತಡೆಯುವುದಿಲ್ಲ ಎಂದು ತಂಡದವರೇ ಅನುಮಾನಪಟ್ಟರು.

1943ರ ಅಕ್ಟೋಬರಿನಲ್ಲಿ ಮೊದಲ ಮಗಳು ಹುಟ್ಟಿದಳು. ಒಂಬತ್ತು ಪೌಂಡ್ ತೂಕದ ಮಗು. ಆ ಸಂತೋಷಕ್ಕೆ ರಿಷಾರ್ ತಮ್ಮ ಹದಿನೈದನೇ ನಂಬರಿನ ಅಂಗಿ ಬಿಟ್ಟು ಒಂಬತ್ತನೇ ನಂಬರ್ ಕೇಳಿ ಪಡೆದರು. ಅಲ್ಲಿಂದ ಅದೃಷ್ಟ ತಿರುಗಿತು. ಕೋಚ್ ಡಿಕ್ ಇರ್ವಿನ್ ಅವರನ್ನು ಎಲ್ಮರ್ ಲಾಕ್, ಟೋ ಬ್ಲೇಕ್ ಜೊತೆ ಒಂದೇ ಸಾಲಿಗೆ ಹಾಕಿದರು. ಈ ಮೂವರ ಸಾಲಿಗೆ ಪಂಚ್ ಲೈನ್ ಎಂದು ಹೆಸರಾಯಿತು. 1944ರ ಮಾರ್ಚ್ 23ರಂದು ಟೊರಾಂಟೊ ವಿರುದ್ಧ ಮಾಂಟ್ರಿಯಲ್ 5-1ರಿಂದ ಗೆದ್ದಿತು, ಐದೂ ಗೋಲು ರಿಷಾರ್ ಅವರದೇ. ಪ್ರತಿ ಪಂದ್ಯದ ಕೊನೆಗೆ ಮೂವರು ಉತ್ತಮ ಆಟಗಾರರನ್ನು ಹೆಸರಿಸುವ ಪದ್ಧತಿ ಇತ್ತು. ಆ ರಾತ್ರಿ ಮೂರು ಸ್ಥಾನಕ್ಕೂ ಅವರೊಬ್ಬರ ಹೆಸರನ್ನೇ ಕೂಗಿದರು. ಹದಿಮೂರು ವರ್ಷಗಳ ನಂತರ ಸ್ಟ್ಯಾನ್ಲಿ ಕಪ್ ಆ ವರ್ಷ ಮಾಂಟ್ರಿಯಲ್‌ಗೆ ಬಂತು.

ಮುಂದಿನ ಡಿಸೆಂಬರ್ 28ರಂದು ಬೆಳಗಿನಿಂದ ಮನೆ ಬದಲಾಯಿಸುವ ಕೆಲಸ. ಸಾಮಾನು ಹೊತ್ತು ಸುಸ್ತಾಗಿದ್ದೇನೆ, ಇವತ್ತು ನನ್ನಿಂದ ಹೆಚ್ಚು ನಿರೀಕ್ಷಿಸಬೇಡಿ ಎಂದು ತಂಡದವರಿಗೆ ಹೇಳಿಯೇ ಅಂಕಣಕ್ಕಿಳಿದರು. ಆ ರಾತ್ರಿ ಡೆಟ್ರಾಯಿಟ್ ವಿರುದ್ಧ ಐದು ಗೋಲು ಹೊಡೆದು, ಇನ್ನು ಮೂರು ಗೋಲಿಗೆ ನೆರವಾದರು. ಅದೇ ಸೀಸನ್ನಿನಲ್ಲಿ 50 ಪಂದ್ಯಗಳಲ್ಲಿ 50 ಗೋಲು ಹೊಡೆದರು. ಒಂದು ಸೀಸನ್ನಿಗೆ 50 ಗೋಲು ಅದುವರೆಗೆ ಯಾರೂ ಕಂಡಿರಲಿಲ್ಲ. 50 ಪಂದ್ಯಕ್ಕೆ 50 ಗೋಲನ್ನು ಮತ್ತೊಬ್ಬರು ಹೊಡೆದದ್ದು 1981ರಲ್ಲಿ. ಒಳ್ಳೆಯ ಆಟಗಾರರೆಲ್ಲ ಯುದ್ಧಕ್ಕೆ ಹೋಗಿದ್ದರು, ಅದಕ್ಕೇ ಇಷ್ಟು ಗೋಲು ಎಂದು ಕೆಲವರು ಮೂಗು ಮುರಿದರು. ಯುದ್ಧ ಮುಗಿದು ಎಲ್ಲರೂ ವಾಪಸ್ ಬಂದ ಮೇಲೆ 1946-47ರಲ್ಲಿ 45 ಗೋಲು ಹೊಡೆದು, ಲೀಗಿನ ಅತಿ ಮೌಲ್ಯದ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಪಡೆದು ಉತ್ತರ ಕೊಟ್ಟರು. 1952ರ ನವೆಂಬರಿನಲ್ಲಿ 325ನೇ ಗೋಲು ಹೊಡೆದು ಲೀಗಿನ ಒಟ್ಟು ಗೋಲುಗಳ ದಾಖಲೆಯನ್ನೂ ತಮ್ಮದಾಗಿಸಿಕೊಂಡರು.

ಅವರು ಮಿತಭಾಷಿ. ತಂಡಕ್ಕೆ ಬಂದಾಗ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಎದುರು ತಂಡದವರು ಅವರನ್ನು ಕೆಣಕಲೆಂದೇ ಆಟಗಾರರನ್ನು ಬಿಡುತ್ತಿದ್ದರು. ಫ್ರೆಂಚರನ್ನು ಹೀಯಾಳಿಸುವ ಬೈಗುಳ ಅಂಕಣದಲ್ಲಿ ಸಾಮಾನ್ಯವಾಗಿತ್ತು. ರಿಷಾರ್ ಮಾತಿಗೆ ಮಾತು ಕೊಡುವವರಲ್ಲ, ಕೈಯಲ್ಲೇ ಉತ್ತರ. ಹಾಗಾಗಿ ದಂಡ ಕಟ್ಟುವುದರಲ್ಲೂ ಅವರೇ ಮುಂದು. ಒಂದು ಫ್ರೆಂಚ್ ವಾರಪತ್ರಿಕೆಯಲ್ಲಿ ಅವರ ಹೆಸರಿನಲ್ಲಿ ಅಂಕಣ ಬರುತ್ತಿತ್ತು. 1954ರಲ್ಲಿ ಅದರಲ್ಲಿ ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಅವರನ್ನು ಸರ್ವಾಧಿಕಾರಿ ಎಂದು ಟೀಕಿಸಿದ್ದಕ್ಕೆ ಕ್ಷಮೆ ಕೇಳಬೇಕಾಯಿತು. ಒಳ್ಳೆಯ ನಡತೆಗೆ ಸಾವಿರ ಡಾಲರ್ ಠೇವಣಿ ಇಡಬೇಕಾಯಿತು. ಅಂಕಣವೂ ನಿಂತಿತು. ನಮ್ಮವನೊಬ್ಬನಿಗೆ ಬಾಯಿ ಇತ್ತು, ಅದನ್ನೂ ಮುಚ್ಚಿಸಿದರು ಎಂದು ಫ್ರೆಂಚ್ ಜನ ನೊಂದುಕೊಂಡರು.

ಇನ್ನು 1955ರ ಮಾರ್ಚ್ ತಿಂಗಳಿಗೆ ಬರೋಣ. 13ರಂದು ಬಾಸ್ಟನ್‌ನಲ್ಲಿ ಪಂದ್ಯ. ಹಾಲ್ ಲೇಕೋ ಎಂಬ ಆಟಗಾರನ ಕೋಲು ತಗುಲಿ ರಿಷಾರ್ ಅವರ ತಲೆ ಒಡೆಯಿತು. ರಿಷಾರ್ ಸಿಟ್ಟಿನಲ್ಲಿ ಅವನನ್ನು ಕೋಲಿನಿಂದ ಮತ್ತೆ ಮತ್ತೆ ಹೊಡೆದರು. ಹಿಡಿಯಲು ಬಂದ ಲೈನ್ಸ್‌ಮನ್‌ಗೂ ಗುದ್ದಿದರು. ಇದು ತಪ್ಪೇ. ಅಭಿಮಾನದಿಂದ ಬರೆಯುವಾಗಲೂ ಇದನ್ನು ಮುಚ್ಚಿಡಬಾರದು. 16ರಂದು ಕ್ಯಾಂಪ್‌ಬೆಲ್ ಆದೇಶ ಹೊರಬಿತ್ತು. ಉಳಿದ ಮೂರು ಲೀಗ್ ಪಂದ್ಯಗಳಿಗೂ, ನಂತರದ ಸ್ಟ್ಯಾನ್ಲಿ ಕಪ್ ಪಂದ್ಯಗಳಿಗೂ ರಿಷಾರ್ ಅಮಾನತು. ಶಿಕ್ಷೆ ಬೇಕಿತ್ತು, ಆದರೆ ಇಷ್ಟು ದೊಡ್ಡದೇ ಎಂದು ಊರು ಕೇಳಿತು. ಆದೇಶ ಕೊಟ್ಟವರು ಇಂಗ್ಲಿಷ್ ಮಾತನಾಡುವವರು, ಶಿಕ್ಷೆ ಆದದ್ದು ಫ್ರೆಂಚ್ ಮಾತನಾಡುವವರಿಗೆ. ಜನರ ಕಣ್ಣಿಗೆ ಅಷ್ಟೇ ಕಂಡಿತು.

ಮರುದಿನ 17ರಂದು ಮಾಂಟ್ರಿಯಲ್‌ನ ಫೋರಂ ಕ್ರೀಡಾಂಗಣದಲ್ಲಿ ಡೆಟ್ರಾಯಿಟ್ ಜೊತೆ ಪಂದ್ಯ. ಬರಬೇಡಿ ಎಂದು ಹಲವರು ಹೇಳಿದರೂ ಕ್ಯಾಂಪ್‌ಬೆಲ್ ಬಂದು ಕುಳಿತರು. ಮೊಟ್ಟೆ, ಟೊಮೆಟೊ ತೂರಿ ಬಂದವು. ಯಾರೋ ಅಶ್ರುವಾಯು ಸಿಡಿಸಿದರು. ಪಂದ್ಯ ನಿಂತು ಡೆಟ್ರಾಯಿಟ್ ಗೆದ್ದಂತೆ ಘೋಷಣೆಯಾಯಿತು. ಒಳಗಿದ್ದ ಸಾವಿರಾರು ಜನ ಹೊರಗೆ ಬಂದು ಅಲ್ಲಿದ್ದ ಗುಂಪಿನ ಜೊತೆ ಸೇರಿದರು. ಸೇಂಟ್ ಕ್ಯಾಥರಿನ್ ರಸ್ತೆಯಲ್ಲಿ ಅಂಗಡಿಗಳ ಗಾಜು ಒಡೆದವು, ಲೂಟಿಯಾಯಿತು, ಹಲವರಿಗೆ ಗಾಯಗಳಾದವು. ಒಂದು ಲಕ್ಷ ಡಾಲರಿನಷ್ಟು ಹಾನಿ ಎಂದು ಅಂದಾಜು ಮಾಡಿದರು. ಆ ರಾತ್ರಿ ಒಡೆದ ಗಾಜಿಗೆ ಹಾಕಿ ಒಂದು ನೆಪವಾಗಿತ್ತು. ಹಲವು ವರ್ಷಗಳ ಅವಮಾನ ಒಟ್ಟಿಗೆ ಹೊರಬಂದಿತ್ತು.

18ರಂದು ರಿಷಾರ್ ರೇಡಿಯೊ, ಟಿವಿ ಮುಂದೆ ಕುಳಿತರು. ಒಂದು ಮಾತು ಕೆಣಕಿ ಹೇಳಿದ್ದರೆ ಊರು ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅವರು ತಮ್ಮ ಫ್ರೆಂಚ್ ಭಾಷೆಯಲ್ಲಿ ಶಾಂತಿಯಿಂದಿರಲು ಕೇಳಿಕೊಂಡರು. ಶಿಕ್ಷೆಯನ್ನು ಒಪ್ಪುತ್ತೇನೆ, ಮುಂದಿನ ವರ್ಷ ಬಂದು ಕಪ್ ಗೆಲ್ಲಲು ದುಡಿಯುತ್ತೇನೆ ಎಂದರು. ಊರು ತಣ್ಣಗಾಯಿತು. ಆ ವರ್ಷ ಫೈನಲ್‌ನಲ್ಲಿ ಏಳನೇ ಪಂದ್ಯದವರೆಗೆ ಹೋಗಿ ಮಾಂಟ್ರಿಯಲ್ ಸೋತಿತು. ಲೀಗಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರ ಬಹುಮಾನವೂ ಒಂದೇ ಅಂಕದಿಂದ ಕೈ ತಪ್ಪಿ ಅವರ ತಂಡದವರೇ ಆದ ಜೆಫ್ರಿಯನ್ ಅವರಿಗೆ ಹೋಯಿತು. 18 ಸೀಸನ್ನುಗಳಲ್ಲಿ ಆ ಬಹುಮಾನ ರಿಷಾರ್ ಅವರಿಗೆ ಒಮ್ಮೆಯೂ ಸಿಗಲಿಲ್ಲ. ಬೇಸರದ ಸಂಗತಿ ಎಂದರೆ, ರಿಷಾರ್‌ಗಿಂತ ಮುಂದೆ ಹೋದನೆಂದು ಊರಿನ ಜನ ಜೆಫ್ರಿಯನ್‌ರನ್ನೇ ಕೂಗಿ ಅವಮಾನಿಸಿದರು. ಅವರೂ ಫ್ರೆಂಚರೇ. ಅಭಿಮಾನ ಹದ್ದು ಮೀರಿದರೆ ಮೊದಲ ಪೆಟ್ಟು ನಮ್ಮವರಿಗೇ ಬೀಳುತ್ತದೆ.

ರಿಷಾರ್ ಕೊಟ್ಟ ಮಾತು ಉಳಿಸಿಕೊಂಡರು. ಹಳೆಯ ಜೊತೆಗಾರ ಟೋ ಬ್ಲೇಕ್ ಕೋಚ್ ಆಗಿ ಬಂದರು. ತಮ್ಮ ಆಂರಿ ಕೂಡ ತಂಡಕ್ಕೆ ಸೇರಿದರು. 1956ರಿಂದ 1960ರವರೆಗೆ ಸತತ ಐದು ವರ್ಷ ಕಪ್ ಗೆದ್ದರು, ಕೊನೆಯ ನಾಲ್ಕು ರಿಷಾರ್ ಅವರ ನಾಯಕತ್ವದಲ್ಲಿ. 1957ರ ಅಕ್ಟೋಬರಿನಲ್ಲಿ 500 ಗೋಲು ಮುಟ್ಟಿದ ಮೊದಲಿಗರಾದರು. ಮರು ತಿಂಗಳೇ ಹಿಮ್ಮಡಿಯ ನರ ಕತ್ತರಿಸಿ ತಿಂಗಳುಗಟ್ಟಲೆ ಹೊರಗುಳಿದರು. ವಾಪಸ್ ಬಂದು ಕಪ್ ಪಂದ್ಯಗಳಲ್ಲಿ ಹತ್ತು ಪಂದ್ಯಕ್ಕೆ ಹನ್ನೊಂದು ಗೋಲು ಹೊಡೆದರು. 1960ರ ಸೆಪ್ಟೆಂಬರಿನಲ್ಲಿ ನಿವೃತ್ತಿ. ಒಟ್ಟು 978 ಲೀಗ್ ಪಂದ್ಯ, 544 ಗೋಲು, 8 ಕಪ್.

ಅದೇ 1960ರಲ್ಲಿ ಕ್ವಿಬೆಕ್‌ನಲ್ಲಿ ಚುನಾವಣೆ ನಡೆದು ಹೊಸ ಸರ್ಕಾರ ಬಂತು. ಶಿಕ್ಷಣ, ವಿದ್ಯುತ್, ಆಡಳಿತ ಎಲ್ಲದರಲ್ಲೂ ಫ್ರೆಂಚ್ ಜನ ತಮ್ಮ ಪಾಲು ಪಡೆಯತೊಡಗಿದರು. 1977ರಲ್ಲಿ ಫ್ರೆಂಚ್ ಭಾಷೆಗೆ ಬಲವಾದ ಕಾನೂನೇ ಆಯಿತು. ಇದಕ್ಕೆಲ್ಲ 1955ರ ಆ ರಾತ್ರಿಯೇ ಮೊದಲ ಕಿಡಿ ಎಂದು ಹೇಳುವವರಿದ್ದಾರೆ. ರಿಷಾರ್ ಮಾತ್ರ ತಾನೊಬ್ಬ ಆಟಗಾರ ಅಷ್ಟೇ ಎನ್ನುತ್ತಿದ್ದರು. ನಮಗೆ ತಿಳಿದಂತೆ ಕಿಡಿ ಒಂದು ರಾತ್ರಿಯದು. ಭಾಷೆ ಉಳಿದದ್ದು ಶಾಲೆ, ಮತದಾನ, ಕಾನೂನು ಎಂಬ ಮುಂದಿನ ಇಪ್ಪತ್ತು ವರ್ಷದ ಬೇಸರ ಹುಟ್ಟಿಸುವ ಕೆಲಸದಿಂದ.

ರೋಕ್ ಕ್ಯಾರಿಯೆ ಎಂಬ ಕ್ವಿಬೆಕ್ ಲೇಖಕರು 1979ರಲ್ಲಿ ಹಾಕಿ ಸ್ವೆಟರ್ ಕುರಿತು ಒಂದು ಚಿಕ್ಕ ಕಥೆ ಪ್ರಕಟಿಸಿದರು. ಹಳ್ಳಿಯ ಮಕ್ಕಳೆಲ್ಲ ಒಂಬತ್ತನೇ ನಂಬರಿನ ಸ್ವೆಟರ್ ತೊಟ್ಟು ರಿಷಾರ್ ಆಗುವವರೇ. ಒಬ್ಬ ಹುಡುಗನ ತಾಯಿಗೆ ಅಂಗಡಿಯ ಇಂಗ್ಲಿಷ್ ಫಾರಂ ತುಂಬಲು ಬಾರದು, ಪತ್ರ ಬರೆದು ತರಿಸುತ್ತಾಳೆ. ಬಂದದ್ದು ಎದುರಾಳಿ ಟೊರಾಂಟೊ ತಂಡದ ಸ್ವೆಟರ್. ಬೇರೆ ಭಾಷೆಯ ಅರ್ಜಿ ಹಿಡಿದು ಕೌಂಟರಿನ ಮುಂದೆ ನಿಂತ ನಮ್ಮ ಸದಸ್ಯರಿಗೆ ಆ ತಾಯಿಯ ಕಷ್ಟ ವಿವರಿಸಬೇಕಿಲ್ಲ.

ನಿವೃತ್ತಿಯ ನಂತರದ ದಿನಗಳು ಸುಲಭವಾಗಿರಲಿಲ್ಲ. ಕೆಲವು ವರ್ಷಕ್ಕೆ ತಂಡದ ಆಡಳಿತದೊಂದಿಗೆ ಮನಸ್ತಾಪವಾಗಿ ದೂರವಾದರು. ಮೀನು ಹಿಡಿಯುವ ದಾರದ ವ್ಯಾಪಾರ ಮಾಡಿದರು, ಮನೆ ಬೆಚ್ಚಗಿಡುವ ಎಣ್ಣೆ ಮಾರಿದರು. 1980ರ ದಶಕದಲ್ಲಿ ತಂಡ ಮತ್ತೆ ಕರೆಯಿತು. 1996ರ ಮಾರ್ಚ್‌ನಲ್ಲಿ ಹಳೆಯ ಫೋರಂ ಮುಚ್ಚುವ ದಿನ ಅವರ ಹೆಸರು ಕರೆದಾಗ ಜನ ಎದ್ದು ನಿಂತು ತಟ್ಟಿದ ಚಪ್ಪಾಳೆ ನಿಮಿಷಗಟ್ಟಲೆ ನಿಲ್ಲಲಿಲ್ಲ. ಸಾಕು ಎಂದು ಸನ್ನೆ ಮಾಡಿದರೂ ನಿಲ್ಲಲಿಲ್ಲ. ಆ ಗಟ್ಟಿ ಮನುಷ್ಯ ಅಲ್ಲೇ ಕಣ್ಣೀರು ಹಾಕಿದರು. 2000ದ ಮೇ 27ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಅಂತಿಮ ದರ್ಶನಕ್ಕೆ ಲಕ್ಷಕ್ಕೂ ಹೆಚ್ಚು ಜನ ಬಂದರು. ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಇಂದಿಗೂ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಟ್ರೋಫಿ ಅವರ ಹೆಸರಿನದು.

ರಿಷಾರ್ ಭಾಷೆಯ ಮೇಲೆ ಭಾಷಣ ಮಾಡಿದವರಲ್ಲ. ತಮ್ಮ ಕೆಲಸ ಮಾಡಿದರು, ತಪ್ಪಾದಾಗ ಶಿಕ್ಷೆ ಒಪ್ಪಿದರು, ಊರು ಉರಿಯುವಾಗ ತಮ್ಮ ಭಾಷೆಯಲ್ಲಿ ತಣ್ಣೀರು ಹಾಕಿದರು. ನಮ್ಮ ಗಡಿ ಊರುಗಳಲ್ಲೂ ಸಿಟ್ಟು ಬರುವ ದಿನಗಳುಂಟು. ಅಂಥ ದಿನ ಆ 18ನೇ ತಾರೀಖು ನೆನಪಿಗೆ ಬರಲಿ ಎಂದೇ ಇಷ್ಟು ಬರೆದಿದ್ದೇವೆ.

ಸದಸ್ಯರು ತಮ್ಮ ಊರಿನ ಹಿರಿಯ ಆಟಗಾರರ ಪರಿಚಯ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

ಕಾರ್ಯದರ್ಶಿ